ಆಕರಗಳ ಪ್ರಾಮಾಣ್ಯ ಮತ್ತು ಉಲ್ಲೇಖ: ಮಡಿಕೇರಿ ತಾಮ್ರಶಾಸನದ ನಿದರ್ಶನ

ಚರಿತ್ರೆಯ ಪ್ರಬಂಧದಲ್ಲಿ ಅಡಿಟಿಪ್ಪಣಿಗೆ ಎರಡು ಕರ್ತವ್ಯಗಳುಂಟು. ಲೇಖಕನು ತನ್ನ ಮಾತನ್ನು ಎಲ್ಲಿಂದ ಪಡೆದನೆಂಬುದನ್ನು ಅದು ತಿಳಿಸಬೇಕು. ಓದುವವನು ಅಲ್ಲಿಗೇ ಹೋಗಿ ಆ ಮಾತನ್ನು ಪರೀಕ್ಷಿಸಲು ದಾರಿಯನ್ನೂ ತೋರಬೇಕು. ನಮ್ಮ ಕಾಲೇಜುಗಳ ಪ್ರಬಂಧಗಳಲ್ಲಿ ಮೊದಲನೆಯದು ಅರೆಬರೆಯಾಗಿ ನಡೆಯುತ್ತಿದೆ. ಎರಡನೆಯದು ಅನೇಕ ವೇಳೆ ನಡೆಯುವುದೇ ಇಲ್ಲ. ಪುಟದ ಕೆಳಗೆ ಹತ್ತು ಗ್ರಂಥಗಳ ಹೆಸರಿರುತ್ತದೆ. ಲೇಖಕನು ಕಣ್ಣಾರೆ ಕಂಡವು ಅವುಗಳಲ್ಲಿ ಎರಡೋ ಮೂರೋ. ಉಳಿದವು ಆ ಎರಡು ಮೂರು ಗ್ರಂಥಗಳ ಅಡಿಟಿಪ್ಪಣಿಗಳಿಂದ ಎತ್ತಿಕೊಂಡವು. ಇದರಿಂದ ಆಗುವುದು ಶಿಷ್ಟಾಚಾರದ ಲೋಪ ಮಾತ್ರವಾಗಿದ್ದರೆ ನಾವು ಈ ವಿಷಯವನ್ನು ಎತ್ತಿಕೊಳ್ಳುತ್ತಿರಲಿಲ್ಲ. ಹೀಗೆ ಕೈಯಿಂದ ಕೈಗೆ ಸಾಗಿದ ಒಂದು ತೇದಿಯು ಕಾಲಕ್ರಮದಲ್ಲಿ ನಿರ್ವಿವಾದವೆನಿಸಿಕೊಂಡು, ಅದರ ಮೇಲೆ ಬೇರೆ ಬೇರೆ ತೇದಿಗಳು ಕಟ್ಟಲ್ಪಡುತ್ತವೆ. ತಳಹದಿಯ ಕಲ್ಲನ್ನು ಯಾರೂ ಮತ್ತೆ ಮುಟ್ಟಿ ನೋಡುವುದಿಲ್ಲ. ಕರ್ಣಾಟಕದ ಚರಿತ್ರೆಯಲ್ಲಿ ಇದಕ್ಕೆ ಮಡಿಕೇರಿಯ ತಾಮ್ರಶಾಸನಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಈ ಶಾಸನವು ೧೮೭೨ರಲ್ಲಿ ಇಂಡಿಯನ್ ಆಂಟಿಕ್ವರಿಯ ಮೊದಲನೆಯ ಸಂಪುಟದಲ್ಲಿ ಬೆಳಕಿಗೆ ಬಂದಿತು. ಮುಂದೆ ಬಿ. ಎಲ್. ರೈಸರು ೧೮೮೬ರಲ್ಲಿ ಕೊಡಗಿನ ಶಾಸನಗಳನ್ನು ಎಪಿಗ್ರಾಫಿಯ ಕರ್ಣಾಟಿಕದ ಮೊದಲ ಸಂಪುಟವಾಗಿ ಹೊರತಂದಾಗ ಇದಕ್ಕೂ ಅಲ್ಲಿ ಸ್ಥಾನ ದೊರೆಯಿತು. ಇದು ಪಶ್ಚಿಮ ಗಂಗರ ಅವಿನೀತನ ಕಾಲದ್ದೆಂದು ಹೇಳಿಕೊಳ್ಳುತ್ತದೆ. ತಳವನನಗರದ, ಅಂದರೆ ತಲಕಾಡಿನ, ಶ್ರೀವಿಜಯ ಜಿನಾಲಯಕ್ಕೆ ಬದನೆಗುಪ್ಪೆ ಎಂಬ ಗ್ರಾಮವನ್ನು ದತ್ತಿಯಾಗಿ ಕೊಟ್ಟದ್ದು ಇದರ ವಿಷಯ. ಭಾಷೆ ಸಂಸ್ಕೃತ ಮತ್ತು ಕನ್ನಡ. ದೇಸಿಗ ಗಣ, ಕೊಂಡಕುಂದಾನ್ವಯಕ್ಕೆ ಸೇರಿದ ಆರು ಮಂದಿ ಗುರುಗಳ ಪರಂಪರೆಯನ್ನು ಇದು ಕೊಡುತ್ತದೆ. ಕಾಲವನ್ನು ಹೇಳುವಲ್ಲಿ ಮುನ್ನೂರ ಎಂಬತ್ತೆಂಟನೆಯ ಸಂವತ್ಸರ, ಮಾಘಮಾಸ, ಸೋಮವಾರ, ಸ್ವಾತಿ ನಕ್ಷತ್ರ, ಶುದ್ಧ ಪಂಚಮಿ ಎಂದಿದೆ. ಶಕವೆಂಬ ಮಾತು ಅಲ್ಲಿಲ್ಲ. ಆದರೂ ಅದನ್ನು ಶಕವರ್ಷವೆಂದೇ ಎಣಿಸಿ, ಕ್ರಿ. ಶ. ೪೬೬ ಎಂದು ವಿದ್ವಾಂಸರು ತೆಗೆದುಕೊಂಡರು.

ಈ ತೇದಿಯನ್ನು ಒಪ್ಪಿದರೆ ಏನೇನು ಸಿದ್ಧಿಸುತ್ತದೆಂಬುದನ್ನು ನೋಡಬೇಕು. ಗಂಗರ ವಂಶಾವಳಿಗೆ ಒಂದು ಗಟ್ಟಿ ಕಂಬ ದೊರೆಯುತ್ತದೆ. ಕನ್ನಡ ಗದ್ಯವು ಐದನೆಯ ಶತಮಾನದಲ್ಲಿಯೇ ತಾಮ್ರಪಟದ ಮೇಲೆ ಇದ್ದಿತೆನ್ನಬಹುದು. ಕೊಂಡಕುಂದಾಚಾರ್ಯರ ಅನ್ವಯದಲ್ಲಿ ಆರು ತಲೆಮಾರುಗಳು ೪೬೬ಕ್ಕೆ ಮೊದಲೇ ಆಗಿಹೋಗಿದ್ದುವೆಂದಾದರೆ, ಜೈನ ಸಿದ್ಧಾಂತ ಗ್ರಂಥಗಳನ್ನು ರಚಿಸಿದ ಆ ಆಚಾರ್ಯರ ಕಾಲಕ್ಕೆ ಈಚಿನ ಮೇರೆಯೊಂದು ಏರ್ಪಡುತ್ತದೆ. ಈ ಕೊನೆಯ ವಿಷಯದಲ್ಲಿ ಶಾಸನವು ಎಷ್ಟು ಭಾರವನ್ನು ಹೊತ್ತಿದೆಯೆಂಬುದನ್ನು, ಎ. ಎನ್. ಉಪಾಧ್ಯೆಯವರು ೧೯೩೫ರಲ್ಲಿ ಪ್ರಕಟಿಸಿದ ಪ್ರವಚನಸಾರದ ವಿಸ್ತಾರವಾದ ಪೀಠಿಕೆಯನ್ನು ನೋಡಿದವರು ಬಲ್ಲರು. ಮೂರು ಪ್ರತ್ಯೇಕ ಶಾಸ್ತ್ರಗಳು ಒಂದೇ ತಾಮ್ರಪಟದ ಒಂದೇ ಸಾಲಿನ ಮೇಲೆ ನಿಂತಿವೆಯೆಂದ ಮೇಲೆ, ಆ ಸಾಲನ್ನು ಎಷ್ಟು ಸಲ ತಿಕ್ಕಿ ನೋಡಿದರೂ ಹೆಚ್ಚಾಗದು.

ತಿಕ್ಕಿ ನೋಡಿದವರಲ್ಲಿ ಮೊದಲಿಗರು ಜೆ. ಎಫ್. ಫ್ಲೀಟರು. ಗಂಗರ ತಾಮ್ರಶಾಸನಗಳಲ್ಲಿ ಬಹುಭಾಗ ಕೂಟಶಾಸನಗಳೆಂದು ಅವರು ಸಾಧಿಸಹೊರಟರು. ೧೯೦೧ರಲ್ಲಿ ಇಂಡಿಯನ್ ಆಂಟಿಕ್ವರಿಯಲ್ಲಿ ಭಾರತದ ಕೂಟಶಾಸನಗಳ ಪಟ್ಟಿಯನ್ನೇ ಪ್ರಕಟಿಸಿದರು. ಮಡಿಕೇರಿಯ ಶಾಸನದಲ್ಲಿ ಅವರಿಗೆ ಮುಖ್ಯವಾಗಿ ತೊಡಕಾಗಿ ಕಂಡದ್ದು ಒಂದು ಹೆಸರು. ದತ್ತಿಗೆ ಕಾರಣನಾದವನು ಅಕಾಲವರ್ಷ ಪೃಥುವೀವಲ್ಲಭನ ಮಂತ್ರಿಯೆಂದು ಶಾಸನ ಹೇಳುತ್ತದೆ. ಅಕಾಲವರ್ಷವೆಂಬುದು ರಾಷ್ಟ್ರಕೂಟರಲ್ಲಿ ಕೃಷ್ಣನೆಂಬ ಹೆಸರಿನ ಅರಸರು ಧರಿಸಿದ ಬಿರುದು. ರಾಷ್ಟ್ರಕೂಟರ ಪ್ರಾಬಲ್ಯ ಮೊದಲಾದುದು ದಂತಿದುರ್ಗನಿಂದ, ಎಂಟನೆಯ ಶತಮಾನದ ನಡುವಿನಲ್ಲಿ. ಐದನೆಯ ಶತಮಾನದ ಪತ್ರದಲ್ಲಿ ಎಂಟನೆಯ ಶತಮಾನಕ್ಕಿಂತ ಹಿಂದೆ ಕಾಣದ ಬಿರುದು ಹೇಗೆ ಬಂದಿತು? ಆ ಕಾಲದಲ್ಲಿ ಅದೇ ಹೆಸರಿನ ಬೇರೊಬ್ಬ ಅರಸನಿದ್ದನೆಂದು ಊಹಿಸಬಹುದು; ಊಹಿಸಿದವರೂ ಉಂಟು. ಆದರೆ ಅಂಥ ಅರಸನಿಗೆ ಈ ಶಾಸನವೊಂದೇ ಸಾಕ್ಷಿ. ಸಾಕ್ಷಿಯನ್ನು ಉಳಿಸುವುದಕ್ಕಾಗಿ ಅರಸನನ್ನು ಸೃಷ್ಟಿಸಿ, ಆ ಅರಸನಿಗೆ ಅದೇ ಸಾಕ್ಷಿಯನ್ನು ಆಧಾರವಾಗಿ ಕೊಡುವುದು ನ್ಯಾಯವಾದ ವಾದವೆಂದು ನಾವು ಎಣಿಸುವುದಿಲ್ಲ.

ತೇದಿಯ ವಿವರಗಳನ್ನೂ ನೋಡೋಣ. ಇದಕ್ಕೆ ದೊಡ್ಡ ಗಣಿತ ಬೇಡ. ಮನೆಯ ಪಂಚಾಂಗವೊಂದಿದ್ದರೆ ಸಾಕು. ಮಾಘಮಾಸಕ್ಕೆ ಆ ಹೆಸರು ಬಂದುದೇ ಹುಣ್ಣಿಮೆಯಂದು ಚಂದ್ರನು ಮಖಾ ನಕ್ಷತ್ರದ ಬಳಿ ಇರುವುದರಿಂದ. ಹುಣ್ಣಿಮೆಗೆ ಹತ್ತು ದಿನ ಮೊದಲು, ಶುದ್ಧ ಪಂಚಮಿಯಂದು, ಚಂದ್ರನು ರೇವತಿಯ ಆಸುಪಾಸಿನಲ್ಲಿರಬೇಕು. ಸ್ವಾತಿಗೆ ಅವನು ಬರುವುದು ಹುಣ್ಣಿಮೆ ಕಳೆದು ಐದು ದಿನಗಳಾದ ಮೇಲೆ, ಬಹುಳ ಪಂಚಮಿಯ ಸುಮಾರಿಗೆ. ಆದ್ದರಿಂದ ಮಾಘ ಶುದ್ಧ ಪಂಚಮಿಯಂದು ಸ್ವಾತಿ ನಕ್ಷತ್ರವೆಂಬುದು ೪೬೬ರಲ್ಲಿ ಮಾತ್ರವಲ್ಲ, ಯಾವ ವರ್ಷದಲ್ಲಿಯೂ ಸಂಭವಿಸತಕ್ಕದ್ದಲ್ಲ. ಬರೆದವನು ಬಹುಳವೆಂದು ಬರೆಯುವಲ್ಲಿ ಶುದ್ಧವೆಂದು ಕೈತಪ್ಪಿ ಬರೆದಿರಬಹುದೆಂದು ವಾದಿಸಿದರೆ ಅದನ್ನು ನಾವು ತಳ್ಳಿಹಾಕುವುದಿಲ್ಲ. ನಿಜವಾದ ಶಾಸನಗಳಲ್ಲಿಯೂ ಇಂತಹ ಪ್ರಮಾದಗಳುಂಟು. ವಾರದ ಹೆಸರೂ ಹಾಗೆಯೇ. ಭಾರತದ ಶಾಸನಗಳಲ್ಲಿ ವಾರವನ್ನು ಹೇಳುವ ಅತಿ ಪ್ರಾಚೀನ ನಿರ್ವಿವಾದ ನಿದರ್ಶನವೆಂದು ಸಾಮಾನ್ಯವಾಗಿ ಎಣಿಸುವುದು ಬುಧಗುಪ್ತನ ಕಾಲದ ಏರಣ್ ಶಾಸನವನ್ನು, ಅಂದರೆ ಕ್ರಿ. ಶ. ೪೮೪ನ್ನು. ಹದಿನೆಂಟು ವರ್ಷಗಳ ಅಂತರವೊಂದರಿಂದಲೇ ಯಾವ ಶಾಸನವನ್ನೂ ಕೂಟವೆನ್ನಲಾಗದು. ಆದರೆ ವಾರ, ನಕ್ಷತ್ರ, ಬಿರುದು ಈ ಮೂರೂ ಕೂಡಿ ಒಂದೇ ಕಡೆಗೆ ಬೆರಳು ಮಾಡುತ್ತಿರುವಾಗ ಸಂದೇಹಕ್ಕೆ ಬಲ ಬರುತ್ತದೆ. ಈಗಿರುವ ರೂಪದಲ್ಲಿ ಈ ಪಟ ಐದನೆಯ ಶತಮಾನದ್ದಲ್ಲ, ರಾಷ್ಟ್ರಕೂಟರ ಕಾಲದಲ್ಲೋ ಅದಕ್ಕೆ ಈಚೆಗೋ ಸಿದ್ಧವಾದುದು ಎಂದು ನಮ್ಮ ಅಭಿಪ್ರಾಯ.

ಹೀಗೆಂದ ಮಾತ್ರಕ್ಕೆ ಫ್ಲೀಟರ ತೀರ್ಪುಗಳನ್ನೆಲ್ಲ ಒಪ್ಪಬೇಕೆಂದಲ್ಲ. ಗಂಗರ ತಾಮ್ರಶಾಸನಗಳ ವಿಷಯದಲ್ಲಿ ಅವರ ಸಂದೇಹ ಮಿತಿಮೀರಿತ್ತು. ಪೆನುಕೊಂಡೆಯ ಶಾಸನವನ್ನು ಕಂಡಾಗ ಅದು ಸಾಚಾ ಎಂದು ಅವರೇ ಒಪ್ಪಿಕೊಳ್ಳಬೇಕಾಯಿತು. ಅವರು ಒಪ್ಪಿದ ಆ ಶಾಸನವನ್ನು ಸಂಪಾದಿಸಿದವರು ಅವರ ಬಹುಕಾಲದ ಪ್ರತಿವಾದಿಗಳಾದ ರೈಸರೇ. ರೈಸರು ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರು ಸೀಮೆಯ ಶಾಸನಗಳನ್ನು ಊರೂರಿನಿಂದ ಪ್ರತಿ ಮಾಡಿಸಿ, ಸಾವಿರಗಟ್ಟಲೆ ಅಚ್ಚು ಹಾಕಿಸಿದವರು. ದೊರೆತುದನ್ನು ನಂಬುವುದು ಅವರ ಒಲವು; ಸಂದೇಹಿಸುವುದು ಫ್ಲೀಟರ ಒಲವು. ಇಬ್ಬರೂ ಒಂದೇ ಪತ್ರವನ್ನು ನೋಡಿ ಬೇರೆ ಬೇರೆ ನಿರ್ಣಯಕ್ಕೆ ಬಂದಿರುವಾಗ, ಒಬ್ಬರ ಹೆಸರನ್ನು ಮಾತ್ರ ಅಡಿಟಿಪ್ಪಣಿಯಲ್ಲಿ ಹಾಕಿ ಮುಂದುವರಿಯುವುದು ಓದುಗನಿಗೆ ಅರ್ಧ ಮೊಕದ್ದಮೆಯನ್ನು ಮುಚ್ಚಿಟ್ಟಂತೆ.

ಕೂಟವೆಂದು ತೀರ್ಮಾನವಾದ ಪತ್ರವನ್ನು ಕಸಕ್ಕೆ ಹಾಕುವ ಪದ್ಧತಿಯೂ ನಮ್ಮಲ್ಲಿದೆ. ಇದು ಮೊದಲಿನ ತಪ್ಪಿಗಿಂತ ಚಿಕ್ಕದೇನಲ್ಲ. ಬದನೆಗುಪ್ಪೆಯೆಂಬ ಊರು ಚಾಮರಾಜನಗರದ ಸೀಮೆಯಲ್ಲಿ ಇಂದಿಗೂ ಇದೆ. ಯಾವುದೋ ಕಾಲದಲ್ಲಿ ಯಾರಿಗೋ ಈ ಊರಿನ ಮೇಲಿನ ಹಕ್ಕನ್ನು ಸ್ಥಾಪಿಸಿಕೊಳ್ಳಬೇಕಾಗಿತ್ತು. ಅದು ತಮಗೆ ಗಂಗರ ಆದಿಕಾಲದಿಂದಲೇ ಬಂದುದೆಂದು ತೋರಿಸಬೇಕಾಗಿತ್ತು. ಮೂಲಪತ್ರ ಹಾಳಾಗಿ, ನೆನಪಿನಲ್ಲಿದ್ದುದನ್ನು ಹೊಸದಾಗಿ ಬರೆಸಿದರೋ, ಅಥವಾ ಇಲ್ಲದುದನ್ನೇ ಹುಟ್ಟಿಸಿದರೋ ಈಗ ನಿರ್ಣಯಿಸುವುದು ಕಷ್ಟ. ಎರಡು ಪಕ್ಷದಲ್ಲಿಯೂ, ಪಟವನ್ನು ಬರೆಸಿದ ಕಾಲದಲ್ಲಿ ಜಿನಾಲಯಗಳ ಭೂಮಿಯ ಸ್ಥಿತಿ ಏನು, ಯಾವ ಗುರುಪರಂಪರೆಗೆ ಮರ್ಯಾದೆಯಿತ್ತು, ಯಾವ ಅರಸನ ಹೆಸರಿಗೆ ತೂಕವಿತ್ತು ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ಅವಿನೀತನ ಕಾಲಕ್ಕೆ ಅದನ್ನು ಕರೆಯಬಾರದು. ತಾನು ಹುಟ್ಟಿದ ಕಾಲಕ್ಕೆ ಕರೆಯಬಹುದು.

ಕೂಟತನದ ಸೋಂಕಿಲ್ಲದ ಶಾಸನವನ್ನೂ ತಪ್ಪಾಗಿ ಉಲ್ಲೇಖಿಸಬಹುದೆಂಬುದಕ್ಕೆ ಹಲ್ಮಿಡಿಯ ಶಾಸನವನ್ನು ನೋಡಬೇಕು. ಬೇಲೂರು ತಾಲ್ಲೂಕಿನ ಈ ಕಲ್ಲು ೧೯೩೬ರಲ್ಲಿ ಎಂ. ಎಚ್. ಕೃಷ್ಣ ಅವರಿಂದ ಪ್ರಸಿದ್ಧಿಗೆ ಬಂದಿತು. ಪಠ್ಯಪುಸ್ತಕಗಳಲ್ಲಿ ಇದರ ಮುಂದೆ ‘ಕ್ರಿ. ಶ. ೪೫೦’ ಎಂದು ಇರುತ್ತದೆ. ವಿದ್ಯಾರ್ಥಿಗಳು ಇದನ್ನು ಕಲ್ಲಿನ ಮೇಲೆ ಬರೆದಿರುವ ವರ್ಷವೆಂದೇ ಭಾವಿಸುತ್ತಾರೆ. ಕಲ್ಲಿನ ಮೇಲೆ ವರ್ಷವೇ ಇಲ್ಲ. ಲಿಪಿಯ ರೂಪ, ಅಲ್ಲಿ ಬರುವ ಕದಂಬ ಕಾಕುಸ್ಥನ ಹೆಸರು ಮೊದಲಾದುವುಗಳಿಂದ ವಿದ್ವಾಂಸರು ಊಹಿಸಿದ ಕಾಲ ಅದು. ಸ್ವಲ್ಪ ಈಚಿನದೆಂದು ವಾದಿಸುವವರೂ ಇದ್ದಾರೆ. ಬಾದಾಮಿಯ ಮೂರನೆಯ ಗುಹೆಯ ಮಂಗಲೇಶನ ಶಾಸನವನ್ನು ಇದರೊಡನೆ ಹೋಲಿಸಿರಿ. ಅಲ್ಲಿ ಶಕವರ್ಷ ೫೦೦, ಕಾರ್ತಿಕದ ಹುಣ್ಣಿಮೆ ಎಂದು ಸ್ಪಷ್ಟವಾಗಿ ಕೊರೆದಿದೆ, ಅದು ಕ್ರಿ. ಶ. ೫೭೮. ಪ್ರಬಂಧದಲ್ಲಿ ‘೪೫೦’ ಮತ್ತು ‘೫೭೮’ ಎಂದು ಒಂದೇ ಬಗೆಯ ಅಂಕಿಗಳಲ್ಲಿ ಬರೆದಾಗ ಕಲ್ಲು ಹೇಳಿದ ಮಾತಿಗೂ ಪಂಡಿತರು ಹೇಳಿದ ಮಾತಿಗೂ ಇರುವ ಭೇದ ಅಳಿಸಿಹೋಗುತ್ತದೆ. ‘ಸುಮಾರು’ ಎಂಬ ಮೂರಕ್ಷರವನ್ನು ಉಳಿಸುವುದರಿಂದ ಪುಟವೇನೂ ಬೆಳೆಯದು. ೨೦೧೩ರ ಉತ್ಖನನದಲ್ಲಿ ತಾಳಗುಂದದಲ್ಲಿ ದೊರೆತ ಸಿಂಹಕಟಾಂಜನದ ಶಾಸನವನ್ನು ಕ್ರಿ. ಶ. ೩೭೦ರದೆಂದು ಕೆಲವು ವಿದ್ವಾಂಸರು ಹೇಳಿದ ಮೇಲೆ ಈ ಎಚ್ಚರಿಕೆ ಮತ್ತಷ್ಟು ಅವಶ್ಯಕವಾಗಿದೆ. ‘ಹಲ್ಮಿಡಿಗಿಂತ ಎಂಬತ್ತು ವರ್ಷ ಹಿಂದಿನದು’ ಎಂದು ಕೂಡಿ ಕಳೆಯುವವರು ಒಂದು ಊಹೆಯಿಂದ ಇನ್ನೊಂದು ಊಹೆಯನ್ನು ಕಳೆಯುತ್ತಿರುವರೆಂಬುದನ್ನು ಮರೆಯುತ್ತಾರೆ.

ಕಲ್ಲು ತಾಮ್ರಗಳನ್ನು ಬಿಟ್ಟು ಪರದೇಶದವರ ಬರವಣಿಗೆಗೆ ಬಂದರೆ ತೊಡಕು ಬೇರೆ ರೂಪವನ್ನು ತಾಳುತ್ತದೆ. ವಿಜಯನಗರದ ಮೇಲೆ ಬರೆಯುವವರೆಲ್ಲರೂ ಪೇಸ್ ಮತ್ತು ನೂನಿಜ್ ಎಂಬ ಪೋರ್ಚುಗೀಸರನ್ನು ಉಲ್ಲೇಖಿಸುತ್ತಾರೆ. ಇವರ ಬರಹಗಳು ಪ್ಯಾರಿಸ್ಸಿನ ಹಸ್ತಪ್ರತಿಯೊಂದರಲ್ಲಿದ್ದುವು. ಡೇವಿಡ್ ಲೋಪೆಸ್ ಅವುಗಳನ್ನು ೧೮೯೭ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು. ರಾಬರ್ಟ್ ಸಿವೆಲ್ ೧೯೦೦ರಲ್ಲಿ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಇಂಗ್ಲಿಷ್ ಅನುವಾದವನ್ನು ಕೊಟ್ಟರು. ನಮ್ಮಲ್ಲಿ ಬಹುಮಂದಿ ಓದಿರುವುದು ಸಿವೆಲ್ಲರನ್ನು, ಅಥವಾ ಸಿವೆಲ್ಲರಿಂದ ಕನ್ನಡಕ್ಕೆ ಬಂದುದನ್ನು. ಅಡಿಟಿಪ್ಪಣಿಯಲ್ಲಿ ಮಾತ್ರ ‘ನೂನಿಜ್’ ಎಂದು ಇರುತ್ತದೆ. ಪೋರ್ಚುಗೀಸ್ ಬಾರದಿರುವುದು ಅಪರಾಧವಲ್ಲ. ಸಿವೆಲ್ಲರ ಕೈಯಿಂದ ಪಡೆದುದನ್ನು ನೂನಿಜನ ಕೈಯಿಂದಲೇ ಪಡೆದಂತೆ ತೋರಿಸುವುದು ಅಪರಾಧ. ಅನುವಾದದಲ್ಲಿ ಒಂದು ಮಾತು ತಪ್ಪಾಗಿದ್ದರೆ ಆ ತಪ್ಪು ಯಾರದೆಂದು ಓದುಗನು ತಿಳಿಯುವುದು ಹೇಗೆ?

ಮೂಲವನ್ನೇ ಓದಿದರೂ ಕೆಲಸ ಮುಗಿಯದು. ನೂನಿಜ್ ಕುದುರೆಯ ವ್ಯಾಪಾರಿ. ಅವನು ಬರೆದದ್ದು ೧೫೩೫ರ ಸುಮಾರಿನಲ್ಲಿ, ಅಚ್ಯುತರಾಯನ ಕಾಲದಲ್ಲಿ. ಕೃಷ್ಣದೇವರಾಯನ ರಾಯಚೂರಿನ ದಂಡಯಾತ್ರೆಯನ್ನು ಅವನು ೧೫೨೨ಕ್ಕೆ ಹಾಕುತ್ತಾನೆ. ಸಿವೆಲ್ ತಿಥಿವಾರಗಳನ್ನು ಲೆಕ್ಕ ಹಾಕಿ, ಬೇರೆ ಆಧಾರಗಳೊಡನೆ ಹೋಲಿಸಿ, ಅದು ೧೫೨೦ ಎಂದು ನಿಶ್ಚಯಿಸಿದರು. ಅದೇ ದಂಡಯಾತ್ರೆಯ ಸೈನ್ಯವನ್ನು ನಾಯಕರ ಹೆಸರು ಹೇಳಿ ನೂನಿಜ್ ಲೆಕ್ಕ ಕೊಡುತ್ತಾನೆ. ಸಿವೆಲ್ ಅದನ್ನು ಕೂಡಿದಾಗ ಬಂದ ಮೊತ್ತ ಕಾಲಾಳು ೭,೦೩,೦೦೦, ಕುದುರೆ ೩೨,೬೦೦, ಆನೆ ೫೫೧. ವರ್ಷದಲ್ಲಿ ಎರಡರಷ್ಟು ತಪ್ಪಿದವನು ಏಳು ಲಕ್ಷದ ಕಾಲಾಳಿನಲ್ಲಿ ಎಷ್ಟು ತಪ್ಪಿರಬಹುದೆಂದು ಕೇಳುವುದು ಸಹಜ. ಆದರೆ ಒಂದು ಭೇದವನ್ನು ಗಮನಿಸಬೇಕು. ಕುದುರೆಗಳ ಬೆಲೆ, ಅವುಗಳ ಆಮದು, ಅರಮನೆಯವರು ಕೊಳ್ಳುವ ಬಗೆ ಇವುಗಳಲ್ಲಿ ಅವನ ಜೀವನೋಪಾಯವೇ ಅಡಗಿತ್ತು. ಅಲ್ಲಿ ಅವನ ಮಾತಿಗೆ ಹೆಚ್ಚು ಬೆಲೆ. ಹದಿನೈದು ವರ್ಷಗಳ ಹಿಂದಿನ ಕಾಲಾಳಿನ ಎಣಿಕೆ ಅವನಿಗೆ ಇನ್ನೊಬ್ಬರಿಂದ ಬಂದಿರುವ ಸಂಭವವೇ ಹೆಚ್ಚು. ಒಬ್ಬ ಸಾಕ್ಷಿಯನ್ನು ಪೂರ್ತಿಯಾಗಿ ನಂಬುವುದು ಅಥವಾ ಪೂರ್ತಿಯಾಗಿ ಬಿಡುವುದು ನ್ಯಾಯಾಲಯದಲ್ಲಿಯೂ ನಡೆಯದು.

ಉಲ್ಲೇಖದ ರೂಪದ ಬಗ್ಗೆ ಹೇಳಬೇಕಾದುದು ಸ್ವಲ್ಪವೇ. ಅಲ್ಪವಿರಾಮ ಎಲ್ಲಿರಬೇಕು, ಪುಟಸಂಖ್ಯೆ ಮೊದಲೋ ಕೊನೆಯೋ ಎಂಬುದನ್ನು ಆಯಾ ಪತ್ರಿಕೆಯ ಸಂಪಾದಕರು ನಿರ್ಧರಿಸಿಕೊಳ್ಳಲಿ. ನಮ್ಮ ಪ್ರಾಂತಕ್ಕೆ ವಿಶೇಷವಾಗಿ ಸಂಬಂಧಿಸಿದ ಒಂದು ತೊಡಕನ್ನು ಮಾತ್ರ ಇಲ್ಲಿ ಎತ್ತಿ ತೋರಿಸುತ್ತೇವೆ. ಎಪಿಗ್ರಾಫಿಯ ಕರ್ಣಾಟಿಕದ ಮೊದಲ ಸಂಪುಟ ೧೮೮೬ರಲ್ಲಿ ಒಮ್ಮೆ, ಪರಿಷ್ಕೃತವಾಗಿ ೧೯೧೪ರಲ್ಲಿ ಮತ್ತೊಮ್ಮೆ ಅಚ್ಚಾಯಿತು. ೧೯೭೨ರಿಂದ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯು ಹೊಸ ಪರಿಷ್ಕರಣವನ್ನು ಮೊದಲು ಮಾಡಿತು. ರೈಸರು ಶಾಸನಗಳನ್ನು ತಾಲ್ಲೂಕಿನ ಹೆಸರಿನೊಡನೆ ಎಣಿಸಿದ್ದರು. ತಾಳಗುಂದದ ಸ್ತಂಭಶಾಸನ ಅವರ ಏಳನೆಯ ಸಂಪುಟದಲ್ಲಿ ಶಿಕಾರಿಪುರ ೧೭೬. ಹೊಸ ಸಂಪುಟಗಳಲ್ಲಿ ವಿಂಗಡಣೆ ಬದಲಾಗಿ, ಅದರೊಡನೆ ಎಣಿಕೆಯೂ ಬದಲಾಗಿದೆ. ಪಾಠವೂ ಅಲ್ಲಲ್ಲಿ ತಿದ್ದಲ್ಪಟ್ಟಿದೆ. ಹೀಗಿರುವಾಗ ‘ಎ. ಕ. ೧’ ಎಂದಷ್ಟೇ ಬರೆದು ಸಂಖ್ಯೆಯೊಂದನ್ನು ಹಾಕಿದರೆ, ಓದುಗನು ಮೂರು ಪುಸ್ತಕಗಳನ್ನು ಮುಂದಿಟ್ಟುಕೊಂಡು ಹುಡುಕಬೇಕಾಗುತ್ತದೆ. ಕಡೆಗೆ ಬೇರೊಂದು ಶಾಸನವನ್ನೇ ಓದಿ ಲೇಖಕನನ್ನು ಶಂಕಿಸಲೂಬಹುದು. ಯಾವ ಮುದ್ರಣ, ಯಾವ ವರ್ಷ, ಊರು ಯಾವುದು, ತಾಲ್ಲೂಕು ಯಾವುದು ಎಂಬ ನಾಲ್ಕನ್ನು ಕೊಟ್ಟರೆ ಸಂಖ್ಯೆ ತಪ್ಪಿದರೂ ಶಾಸನ ಸಿಕ್ಕೀತು.

ಮಡಿಕೇರಿಯ ಶಾಸನವನ್ನು ಎತ್ತಿಕೊಳ್ಳುವ ವಿದ್ಯಾರ್ಥಿಯು ಮುಂದೆ ತನ್ನ ಪ್ರಬಂಧದಲ್ಲಿ ಏನೆಂದು ಬರೆಯಬೇಕು? ವರ್ಷ ೩೮೮ ಎಂದು ಪಟದಲ್ಲಿದೆ, ಶಕವೆಂಬುದು ವಿದ್ವಾಂಸರ ವ್ಯಾಖ್ಯಾನ. ರೈಸರು ಇದನ್ನು ನಂಬಿದರು, ಫ್ಲೀಟರು ಕೂಟವೆಂದರು. ತಾನು ನೋಡಿರುವುದು ಇಂಥ ವರ್ಷದ ಮುದ್ರಣವನ್ನು. ಎರಡು ಸಾಲಿನಲ್ಲಿ ಇಷ್ಟು ಹೇಳಿದ ಮೇಲೆ, ೪೬೬ನ್ನು ಆಧರಿಸಿ ಮುಂದಿನ ವಾದವನ್ನು ಹೂಡುವುದಾಗಲಿ ಬಿಡುವುದಾಗಲಿ ಅವನ ಇಷ್ಟ.