ಮೆಟ್ಟಿಲೇರಿದ ಜಮಖಾನ

ರೋಣದ ಹಳೇ ಮೇಲ್ಮುದ್ದೆ ಮನೆಗಳಲ್ಲಿ ಪಾವಟಿಗೆಯ ಮೇಲೆ ಏನನ್ನೂ ಹಾಸುತ್ತಿರಲಿಲ್ಲ. ಅದಕ್ಕೆ ಆಸ್ಪದವೇ ಇರಲಿಲ್ಲ. ಮಾಳಿಗೆಗೆ ಹತ್ತುವ ದಾರಿಯೆಂದರೆ ಗೋಡೆಗೆ ಆನಿಸಿಟ್ಟ ನಿಚ್ಚಣಿಕೆ, ಇಲ್ಲವೇ ಗೋಡೆಯ ದಪ್ಪದೊಳಗೇ ಕೂಡಿಸಿದ ಇಕ್ಕಟ್ಟಾದ ಕಲ್ಲಿನ ಮೆಟ್ಟಿಲು. ಸುಗ್ಗಿಯಲ್ಲಿ ಮೆಣಸಿನಕಾಯಿ ಚೀಲ ಹೊತ್ತವರು ಅದರ ಮೇಲೆಯೇ ಏರಬೇಕು, ಮಳೆಗಾಲಕ್ಕೆ ಮುಂಚೆ ಸವಳು ಮಣ್ಣಿನ ಬುಟ್ಟಿ ಅದರ ಮೇಲೆಯೇ ಹೋಗಬೇಕು. ಕೆಳಗಿನ ನೆಲವೋ ಸಗಣಿ ಸಾರಿಸಿದ್ದು. ವಾರ ವಾರ ಸಾರಿಸುವ ನೆಲದ ಮೇಲೆ ಹಾಸಿದ್ದನ್ನು ಹಾಸಿದಂತೆಯೇ ಯಾರು ಬಿಡುತ್ತಾರೆ? ಹೀಗಾಗಿ ನಮ್ಮ ಕಡೆ ಹಾಸುವ ಬಟ್ಟೆಯೆಲ್ಲ ಸುತ್ತಿಡುವ ಬಟ್ಟೆಯೇ ಆಯಿತು. ಕಂಬಳಿ, ಚಾಪೆ, ಕೌದಿ, ಜಮಖಾನ ಎಲ್ಲವೂ ಹೊತ್ತಿಗೆ ಬಿಚ್ಚಿಕೊಂಡು ಹೊತ್ತು ಮೀರಿದ ಮೇಲೆ ನಾಗಂದಿಗೆಯ ಮೇಲೆ ಹೋಗಿ ಕೂಡುವಂಥವು.

ನಡೆಯುವ ಕಾಲಿಗೆ ಹಾಸುವ ಪದ್ಧತಿ ಇರಲೇ ಇಲ್ಲವೆಂದಲ್ಲ. ನಡೆಮಡಿ ಇತ್ತು. ದೇವರ ಪಲ್ಲಕ್ಕಿಗೆ, ಸ್ವಾಮಿಗಳಿಗೆ, ಮದುಮಕ್ಕಳಿಗೆ ಮಡಿವಾಳರು ತೊಳೆದ ಬಟ್ಟೆಯನ್ನು ದಾರಿಗುಂಟ ಹಾಸುತ್ತ ಹೋಗುವರು. ಒಂದರ ಮೇಲೆ ನಡೆದು ಮುಗಿಸುವ ಹೊತ್ತಿಗೆ ಹಿಂದಿನದು ಮುಂದಕ್ಕೆ ಬಂದಿರಬೇಕು. ಅದರಲ್ಲಿರುವ ಚುರುಕನ್ನೂ ದುಡಿಮೆಯನ್ನೂ ನೋಡಿದವರು ಮರೆಯುವುದಿಲ್ಲ. ಆದರೆ ಅದು ಗೌರವದ ಹಾಸು, ಕಾಲು ದಾಟಿದ ಕೂಡಲೇ ಎತ್ತುವಂಥದ್ದು. ದಿನದ ಕಾಲಿಗೆ ದಿನವಿಡೀ ಬಿದ್ದಿರುವ ಹಾಸು ನಮಗೆ ಹೊಸದು.

ಜಮಖಾನಕ್ಕೆ ನಾವು ದೂರ ಹೋಗಬೇಕಾಗಿಲ್ಲ. ನರಗುಂದದಿಂದ ಹುಬ್ಬಳ್ಳಿ ರಸ್ತೆ ಹಿಡಿದರೆ ಮುಂದಿನ ದೊಡ್ಡ ಊರೇ ನವಲಗುಂದ. 1997ರಲ್ಲಿ ಗದಗ ಜಿಲ್ಲೆಯಾದಾಗ ರೋಣ, ನರಗುಂದ ಈ ಕಡೆ ಬಂದವು, ನವಲಗುಂದ ಧಾರವಾಡದಲ್ಲೇ ಉಳಿಯಿತು. ಲಗ್ನದ ಜವಳಿಗೆ, ಸಂತೆಗೆ ಹೋಗಿಬರುವವರಿಗೆ ಆ ಗೆರೆ ಯಾವತ್ತೂ ಕಂಡಿಲ್ಲ. ಆದಿಲ್‌ಶಾಹಿ ಕಾಲದಲ್ಲಿ ಯುದ್ಧದ ಗದ್ದಲಕ್ಕೆ ಬಿಜಾಪುರ ಬಿಟ್ಟು ಬಂದ ನೇಕಾರರು ಅಲ್ಲಿ ನೆಲೆ ನಿಂತರೆಂದು ಹೇಳುತ್ತಾರೆ. ನೇಯುವವರು ಮುಸ್ಲಿಂ ಮನೆತನಗಳ ಹೆಣ್ಣುಮಕ್ಕಳು. ಕಸುಬಿನ ಗುಟ್ಟು ಗಂಡನ ಮನೆಗೆ ಹೋದೀತೆಂದು ಮಗಳಿಗೂ ಕಲಿಸದ ಕಾಲವೊಂದಿತ್ತಂತೆ. ಮಗ್ಗ ನೆಟ್ಟಗೆ ನಿಂತಿರುತ್ತದೆ. ಅದರ ಮುಂದೆ ಕುಳಿತವರು ಬಣ್ಣ ಬಣ್ಣದ ಹೊಕ್ಕಿನ ನೂಲನ್ನು ಬೆರಳಿನಿಂದಲೇ ಹಾಸಿನ ಎಳೆಗಳ ನಡುವೆ ತೂರಿಸಿ, ಕಬ್ಬಿಣದ ಪಂಜಾದಿಂದ ಕೆಳಕ್ಕೆ ಬಡಿಯುತ್ತಾರೆ. ಬಡಿದು ಬಡಿದು ಹಾಸಿನ ನೂಲು ಪೂರ್ತಿ ಮುಚ್ಚಿಹೋಗಬೇಕು, ಅದೇ ಗಟ್ಟಿ ಜಮಖಾನದ ಗುರುತು. ನಡುವೆ ಪಗಡೆಯ ಹಾಸು, ಸುತ್ತ ನವಿಲು. ಇದಲ್ಲದೆ ನಮಾಜಿಗೆ ಜಾನಮಾಜ್, ಎತ್ತಿನ ಬೆನ್ನಿಗೆ ಗುಡಾರ. 2011ರಲ್ಲಿ ನವಲಗುಂದದ ಜಮಖಾನಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಬಂತು.

ಇಷ್ಟೊಂದು ನೂಲು ತಿನ್ನುವ ಕಸುಬು ಇಲ್ಲಿ ಬೇರೂರಿದ್ದು ಸುಮ್ಮನೆ ಅಲ್ಲ. ರೋಣ, ನರಗುಂದ, ನವಲಗುಂದದ ಎರೆಹೊಲ ಹತ್ತಿಯ ಹೊಲ. ಇಲ್ಲಿನ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಒಳಯುದ್ಧ ನಡೆದಾಗ ಇಲ್ಲಿಯ ಹತ್ತಿಗೆ ಚಿನ್ನದ ಬೆಲೆ ಬಂದಿತ್ತು. 1884ರಲ್ಲಿ ಗದಗ–ಹೋಟಗಿ ರೈಲು ಹೊಳೆಆಲೂರಿನ ಮೇಲೆ ಹಾದ ಮೇಲೆ ಎತ್ತಿನ ಗಾಡಿಯ ಆ ದೂರದ ದಾರಿ ತಪ್ಪಿತು. ನಮ್ಮ ಗಿಡ್ಡ ಎಳೆಯ ಹತ್ತಿ ನಯವಾದ ಸೀರೆಗೆ ಒಗ್ಗದು, ದಪ್ಪ ನೂಲಿನ ಜಮಖಾನಕ್ಕೆ ಮಾತ್ರ ಹೇಳಿ ಮಾಡಿಸಿದ್ದು.

ನೆಲ ಬದಲಾಯಿತು. ಮಣ್ಣಿನ ಜಾಗಕ್ಕೆ ಶಾಬಾದಿ ಫರಸಿ ಬಂತು, ಈಗ ಗಜೇಂದ್ರಗಡದಲ್ಲಿ ಕಟ್ಟುವ ಮನೆಗಳಿಗೆ ಪಕ್ಕದ ಇಳಕಲ್ಲಿನ ಕೆಂಪು ಗ್ರಾನೈಟ್ ಬರುತ್ತದೆ. ಲಗ್ನಗಳು ಕಲ್ಯಾಣಮಂಟಪ ಸೇರಿದವು, ಕುರ್ಚಿಗಳು ಬಂದು ಜಮಖಾನವನ್ನು ಎಬ್ಬಿಸಿದವು. ನನಗೆ ನಿಜವಾಗಿ ನೋವಾಗುವುದು ಇಲ್ಲಿಯೇ. ಕೂಡುವವರಿಲ್ಲದ ಮೇಲೆ ನೇಯುವವರು ಎಷ್ಟು ದಿನ ನೇಯ್ದಾರು? ನಮ್ಮ ಮನೆಯ ಗ್ರಾನೈಟ್ ಮೆಟ್ಟಿಲ ಮೇಲೆ ಅತ್ತೆಯವರ ಕಾಲು ಜಾರತೊಡಗಿದಾಗ ಪ್ಲಾಸ್ಟಿಕ್ ಹಾಸು ತರಲು ನನಗೆ ಮನಸ್ಸಾಗಲಿಲ್ಲ. ನವಲಗುಂದಕ್ಕೆ ಹೋದೆ.

‘ಅಕ್ಕೋರ, ಇದರ ಮ್ಯಾಲ ಮಂದಿ ಕುಂಡ್ರತಾರ. ತುಳದಾಡಾಕ ಯಾಕ ಕೇಳ್ತೀರಿ?’ ಎಂದರು ಮಗ್ಗದ ಮುಂದಿದ್ದ ಹಿರಿಯಾಕೆ. ಅತ್ತೆಯವರ ಮೊಣಕಾಲಿನ ಸಂಗತಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರ ನವಿಲು ಬ್ಯಾಡ, ಪಗಡಿನೂ ಬ್ಯಾಡ. ಗುಡಾರದ್ಹಂಗ ದಪ್ಪ ಹೊಡದು ಬರೇ ಪಟ್ಟಿ ಹಾಕಿ ಕೊಡ್ತೀವಿ’ ಎಂದರು. ನವಿಲನ್ನು ಕಾಲಿಗೆ ಕೊಡದ ಆ ತೀರ್ಮಾನ ನನಗೂ ಸರಿಯೆನಿಸಿತು.

ಅಳತೆ ಹೀಗೆ. ಮೆಟ್ಟಿಲಿನ ಅಗಲ 10 ಇಂಚು, ಎತ್ತರ 7 ಇಂಚು; ಒಂದಕ್ಕೆ 17 ಇಂಚು ಬಟ್ಟೆ ಬೇಕು. ನಡುವೆ ತಿರುವಿನ ಕಟ್ಟೆ ಇರುವುದರಿಂದ ಒಂಬತ್ತೊಂಬತ್ತು ಮೆಟ್ಟಿಲಿಗೆ 12 ಅಡಿ 9 ಇಂಚಿನ ಎರಡು ತುಂಡು, ಪ್ರತಿ ತುಂಡಿಗೂ ಒಂದಡಿ ಹೆಚ್ಚು. ಆ ಹೆಚ್ಚಿನ ಅಡಿಯನ್ನು ಮೇಲ್ತುದಿಯಲ್ಲಿ ಒಳಮಡಚಿ ಇಡಬೇಕು. ಬಟ್ಟೆ ಮೊದಲು ಸವೆಯುವುದು ಮೆಟ್ಟಿಲಿನ ಮುಂದಂಚಿನಲ್ಲಿ. ವರ್ಷಕ್ಕೊಮ್ಮೆ ಒಂದೆರಡು ಇಂಚು ಸರಿಸಿದರೆ ಆ ಪೆಟ್ಟು ಬೇರೆ ಜಾಗಕ್ಕೆ ಬೀಳುತ್ತದೆ. ಯುರೋಪಿನ ಹಳೇ ಮನೆಗಳಲ್ಲಿ ಮೆಟ್ಟಿಲ ಹಾಸನ್ನು ಹಿತ್ತಾಳೆಯ ಸರಳಿನಿಂದ ಹಿಡಿದಿಡುತ್ತಿದ್ದುದೂ ಇದಕ್ಕೇ: ಬಿಚ್ಚಿ ಕೊಡವಬೇಕು, ಸರಿಸಿ ಮತ್ತೆ ಕೂಡಿಸಬೇಕು. ನಮ್ಮ ಬಡಗಿ ಅಂಟು ಹಚ್ಚಿಬಿಡೋಣವೆಂದ, ನಾನು ಒಪ್ಪಲಿಲ್ಲ. ಅಂಟಿಸಿದ ಜಮಖಾನವನ್ನು ಹಬ್ಬದ ಹೊತ್ತಿಗೆ ಒಗೆಯುವುದು ಹೇಗೆ? ಮೆಟ್ಟಿಲು ಮತ್ತು ಅದರ ಹಿಂಬದಿ ಸೇರುವ ಮೂಲೆಯಲ್ಲಿ ಕೊಂಡಿ ಕೂಡಿಸಿ ಸರಳು ತೂರಿಸುವುದೆಂದಾಯಿತು. ಅಡಿಗೆ ಜಾಳಿಗೆಯಂಥ ರಬ್ಬರ್ ಹಾಸಲೇಬೇಕು. ಹತ್ತಿಯ ಜಮಖಾನ ಪಾಲಿಶ್ ಕಲ್ಲಿನ ಮೇಲೆ ತಾನೇ ಜಾರುತ್ತದೆ, ಹಾಗೆ ಬಿಟ್ಟರೆ ಬರಿ ಕಲ್ಲಿಗಿಂತ ಅಪಾಯ.

ಬಣ್ಣ ಅಂಚಿಗೆ ಕಪ್ಪು, ನಡುವೆ ಕೆಂಪು. ಹೊಲದಿಂದ ಬಂದ ಕಾಲಿನ ಎರೆಮಣ್ಣು ಅದರಲ್ಲಿ ಎದ್ದು ಕಾಣುವುದಿಲ್ಲ. ಎರಡೂ ತುಂಡಿಗೆ ಒಂದೇ ಸಲ ಅದ್ದಿದ ನೂಲು ಹಾಕಬೇಕೆಂದು ಕೇಳಿಕೊಂಡಿದ್ದೇನೆ. ಬೇರೆ ಬೇರೆ ಸಲ ಅದ್ದಿದ್ದು ಬಿಸಿಲಿಗೆ ಬೇರೆ ಬೇರೆಯಾಗಿ ಮಾಸುತ್ತದೆ.