ಕಾರ್ಬುರೇಟರಿನ ವಾಯುಮಾರ್ಗವೂ ಅದರ ವಾರ್ತಿಕಕಾರರೂ

ಸೂತ್ರಕಾರನು ಹೇಳಿದುದನ್ನೂ, ಹೇಳದೆ ಬಿಟ್ಟುದನ್ನೂ, ಸರಿಯಾಗಿ ಹೇಳದೆ ಹೋದುದನ್ನೂ ವಿಚಾರಿಸತಕ್ಕುದು ವಾರ್ತಿಕವೆಂದು ಪೂರ್ವಿಕರು ಲಕ್ಷಣವನ್ನು ಮಾಡಿರುವರು. ಪಾಣಿನಿಯ ಸೂತ್ರಗಳಿಗೆ ಕಾತ್ಯಾಯನನ ವಾರ್ತಿಕಗಳು ಹೇಗೆಯೋ, ಕಾರ್ಖಾನೆಯಿಂದ ಸಿದ್ಧವಾಗಿ ಬಂದ ಮೋಟಾರು ಯಂತ್ರಕ್ಕೆ ಹೊರಗಿನ ಕುಶಲಿಗಳು ಮಾಡಿ ಜೋಡಿಸುವ ಭಾಗಗಳೂ ಹಾಗೆಯೇ ಎಂಬುದು ನನ್ನ ಅಭಿಪ್ರಾಯ. ಯಂತ್ರವಿದ್ಯೆಯ ಚರಿತ್ರೆಯಲ್ಲಿ ಈ ವಾರ್ತಿಕಕಾರರಿಗೂ ಸ್ಥಾನವುಂಟೆಂಬುದನ್ನು ಒಂದು ನಿದರ್ಶನದಿಂದ ತೋರಿಸುವುದೇ ಈ ಲೇಖನದ ಉದ್ದೇಶ.

ಪೆಟ್ರೋಲು ಯಂತ್ರದೊಳಗೆ ಚೆನ್ನಾಗಿ ಉರಿಯಬೇಕಾದರೆ ಗಾಳಿಯೊಡನೆ ತುಂತುರಾಗಿ ಬೆರೆಯಬೇಕು. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 15 ಪಾಲು ಗಾಳಿಯು ಬೇಕು; ಅಳತೆಯಲ್ಲಿ ಹೇಳುವುದಾದರೆ ಒಂದು ಲೀಟರಿಗೆ ಸುಮಾರು 9,000 ಲೀಟರು. ಹೀಗಾಗಿ ಯಂತ್ರವು ಕುಡಿಯುವುದು ಅಲ್ಪ, ಉಸಿರಾಡುವುದು ಬಹಳ. ಈ ಬೆರಕೆಯನ್ನು ಮಾಡುವ ಸಾಧನವೇ ಕಾರ್ಬುರೇಟರು. ಹರಿಯುವ ವಸ್ತುವಿನ ವೇಗವು ಹೆಚ್ಚಿದೆಡೆಯಲ್ಲಿ ಅದರ ಒತ್ತಡವು ತಗ್ಗುವುದೆಂಬ ತತ್ತ್ವವನ್ನು ದಾನಿಯೇಲ್ ಬರ್ನೂಲಿಯು 1738ರ ತನ್ನ ಗ್ರಂಥದಲ್ಲಿ ವಿವರಿಸಿದನು. ಇಟಲಿಯ ವೆಂಚುರಿಯು 1797ರಲ್ಲಿ ಇಕ್ಕಟ್ಟಾದ ಕೊಳವೆಗಳ ಪ್ರವಾಹವನ್ನು ಕುರಿತು ತನ್ನ ಪ್ರಯೋಗಗಳನ್ನು ಪ್ರಕಟಿಸಿದನು. ಜರ್ಮನಿಯ ಮೈಬಾಖನೂ, ಹಂಗೇರಿಯ ಬಾಂಕಿ ಮತ್ತು ಚೋಂಕಾ ಎಂಬವರೂ 1893ರ ಸುಮಾರಿನಲ್ಲಿ ಪೆಟ್ರೋಲನ್ನು ತುಂತುರಾಗಿ ಸಿಂಪಡಿಸುವ ಕಾರ್ಬುರೇಟರುಗಳನ್ನು ನಿರ್ಮಿಸಿದರು. ಇವರನ್ನು ಸೂತ್ರಕಾರರೆನ್ನಬಹುದು.

ಇನ್ನು ವಾರ್ತಿಕದ ವಿಷಯ. 1932ರಲ್ಲಿ ಅಮೆರಿಕದ ಫೋರ್ಡ್ ಸಂಸ್ಥೆಯವರು ಎಂಟು ಸಿಲಿಂಡರುಗಳ ಯಂತ್ರವನ್ನು ಸಾಮಾನ್ಯರ ಬೆಲೆಗೆ ನಿಲುಕುವ ಕಾರಿನಲ್ಲಿ ಇರಿಸಿದರು. ಅದರ ಗಾತ್ರವು 221 ಘನ ಅಂಗುಲ, ಎಂದರೆ ಸುಮಾರು 3.6 ಲೀಟರು, ಬಲವು 65 ಅಶ್ವಶಕ್ತಿ. ಇಂತಹ ಯಂತ್ರವು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಎಂಟು ಸಿಲಿಂಡರುಗಳೂ ಕೂಡಿ ಸೆಕೆಂಡಿಗೆ 200 ಸಲ ಉಸಿರನ್ನೆಳೆಯಬೇಕು. ಆ ಉಸಿರೆಲ್ಲವೂ ಮೊದಲಲ್ಲಿ ಒಂದೇ ಕಂಠದಿಂದ ಬರಬೇಕಾಗಿತ್ತು. 1934ರಲ್ಲಿ ಸಂಸ್ಥೆಯವರೇ ಎರಡು ಕಂಠಗಳ ಕಾರ್ಬುರೇಟರನ್ನೂ, ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಕವಲುಕೊಳವೆಯನ್ನೂ, ಅಂದರೆ ಮ್ಯಾನಿಫೋಲ್ಡನ್ನೂ, ಹೊಸದಾಗಿ ಮಾಡಿದರು. ಆ ವರ್ಷ ಬಲವು 85 ಅಶ್ವಶಕ್ತಿಗೆ ಏರಿತ್ತು. ಹೀಗೆ ಸೂತ್ರಕಾರನೇ ತನ್ನ ಸೂತ್ರವನ್ನು ತಿದ್ದಿಕೊಂಡನು.

ಆದರೂ ಅತಿವೇಗದಲ್ಲಿ ಉಸಿರು ಸಾಲದೆಂಬುದನ್ನು ಕ್ಯಾಲಿಫೋರ್ನಿಯದ ಯುವಕರು ಕಂಡುಕೊಂಡರು. ನೀರು ಬತ್ತಿದ ಸರೋವರಗಳ ಸಮತಟ್ಟಾದ ಬಯಲುಗಳೇ ಅವರ ಪರೀಕ್ಷಾಶಾಲೆಗಳು. ವಿಕ್ ಎಡೆಲ್‌ಬ್ರಾಕ್ ಎಂಬ ಗ್ಯಾರೇಜಿನ ಮೆಕ್ಯಾನಿಕನು ಟಾಮಿ ಥಿಕ್‌ಸ್ಟನ್ನನೊಡನೆ ಸೇರಿ ಮೊದಲು ಒಂದು ಮ್ಯಾನಿಫೋಲ್ಡನ್ನು ಪರೀಕ್ಷಿಸಿ, ಅದರಿಂದ ತೃಪ್ತನಾಗದೆ, ಎರಡು ಕಾರ್ಬುರೇಟರುಗಳನ್ನು ಹೊರುವ ತನ್ನದೇ ರಚನೆಯೊಂದನ್ನು ಎರಕ ಹೊಯ್ಯಿಸಿದನು. ಅದಕ್ಕೆ ‘ಸ್ಲಿಂಗ್‌ಶಾಟ್’ ಎಂಬ ಹೆಸರಾಯಿತು. ತನ್ನ 1932ರ ಫೋರ್ಡ್ ಕಾರನ್ನು ಅವನು 1941ರಲ್ಲಿ ರೋಸಮಂಡ್ ಬಯಲಿನಲ್ಲಿ ಗಂಟೆಗೆ 121 ಮೈಲಿಗಳಿಗೂ ಮಿಗಿಲಾದ ವೇಗದಿಂದ ಓಡಿಸಿದನು. ಯುದ್ಧಾನಂತರ, 1946ರಲ್ಲಿ, ಅವನ ಬಿಡಿಭಾಗಗಳ ಪಟ್ಟಿಯು ಅಚ್ಚಾಯಿತು.

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು: ದ್ವಾರವನ್ನು ಅಗಲಿಸಿದರೆ ಗಾಳಿಯು ಹೆಚ್ಚು ಬರುವುದು, ಇದರಲ್ಲಿ ವಿದ್ಯೆಯೇನಿದೆ? ಸಮಾಧಾನವಿದು. ಕಂಠವು ಮಿತಿಮೀರಿ ಅಗಲವಾದರೆ ಮಂದಗತಿಯಲ್ಲಿ ಗಾಳಿಯ ವೇಗವು ಕುಗ್ಗುವುದು; ವೇಗವು ಕುಗ್ಗಿದರೆ ಪೆಟ್ರೋಲನ್ನು ಸೆಳೆಯುವ ಬಲವು ತಗ್ಗುವುದು; ತುಂತುರು ಹನಿಯಾಗಿ ಯಂತ್ರವು ತೊದಲುವುದು. ಎರಡು ಕಾರ್ಬುರೇಟರುಗಳು ಸಮವಾಗಿ ತೆರೆಯದಿದ್ದರೆ ಕೆಲವು ಸಿಲಿಂಡರುಗಳಿಗೆ ಬೆರಕೆಯು ಹೆಚ್ಚಾಗಿ ಕೆಲವಕ್ಕೆ ಕಡಮೆಯಾಗುವುದು. ಶೋಧಕವನ್ನು ಕಿತ್ತೆಸೆದು ಗಾಳಿಗೆ ದಾರಿಮಾಡಿದರೆ ಧೂಳು ಒಳಹೊಕ್ಕು ಸಿಲಿಂಡರನ್ನೇ ಸವೆಸುವುದು. ಆದುದರಿಂದ ಇಲ್ಲಿ ಬೇಕಾದುದು ಹೆಚ್ಚಿಸುವ ಆತುರವಲ್ಲ, ಔಚಿತ್ಯಜ್ಞಾನ. ಯಾವ ಗಾತ್ರದ ಯಂತ್ರಕ್ಕೆ, ಯಾವ ವೇಗದಲ್ಲಿ, ಎಷ್ಟು ಅಗಲದ ಕಂಠವೆಂಬುದನ್ನು ಈ ಕುಶಲಿಗಳು ಮಾಡಿ, ಕೆಡಿಸಿ, ಮತ್ತೆ ಮಾಡಿ ಅರಿತುಕೊಂಡರು. ಬರ್ನೂಲಿಯ ತತ್ತ್ವವು ಅವರ ಕೈಯಲ್ಲಿ ಸುಳ್ಳಾಗಲಿಲ್ಲ. ಅದರ ವ್ಯಾಪ್ತಿಯು ಸ್ಪಷ್ಟವಾಯಿತು.

ಈಗಿನ ಹೊಸ ಕಾರುಗಳಲ್ಲಿ ಪೆಟ್ರೋಲನ್ನು ನೇರವಾಗಿ ಅಳೆದು ಚಿಮ್ಮಿಸುವ ಸಾಧನಗಳು ಬಂದು ಕಾರ್ಬುರೇಟರು ಹಿಂದೆ ಸರಿದಿದೆ. ಅದರ ವಾರ್ತಿಕಕಾರರಲ್ಲಿ ಗ್ರಂಥಗಳನ್ನು ಬರೆದವರು ವಿರಳ. ಅವರು ಬಿಟ್ಟುಹೋದವು ಎರಕದ ಲೋಹವೂ ಬೆಲೆಪಟ್ಟಿಗಳೂ. ತಾಳೆಗರಿಯ ಅಂಚಿನಲ್ಲಿ ಹೆಸರಿಲ್ಲದ ಪಂಡಿತನೊಬ್ಬನು ಬರೆದ ಟಿಪ್ಪಣಿಯನ್ನು ಆದರದಿಂದ ಓದುವ ನಾವು, ಇಂತಹ ಬೆಲೆಪಟ್ಟಿಯನ್ನು ರದ್ದಿಯೆಂದು ಎಸೆಯುವುದು ಯುಕ್ತವಲ್ಲ. ಅದೂ ಒಂದು ಶಾಸ್ತ್ರದ ಆಕರವೇ ಎಂಬುದನ್ನು ವಿದ್ವಾಂಸರು ಪರಿಭಾವಿಸಬೇಕೆಂದು ಪ್ರಾರ್ಥಿಸುತ್ತೇನೆ.