ಹರಳೆಣ್ಣೆ ವಾಸನೆಯ ಆಕಾಶ: ಮೊದಲ ಮಹಾಯುದ್ಧದ ಇಬ್ಬರು ಭಾರತೀಯ ಫೈಟರ್ ಪೈಲಟ್‌ಗಳು

ಇವತ್ತಿನ ಎಪಿಸೋಡನ್ನ ಒಂದು ವಾಸನೆಯಿಂದ ಶುರು ಮಾಡ್ತೀನಿ. ಹರಳೆಣ್ಣೆ ವಾಸನೆ. ಚಿಕ್ಕವರಿದ್ದಾಗ ಅಜ್ಜಿ ತಲೆಗೆ ತಟ್ಟಿ, ಹೊಟ್ಟೆ ಕಟ್ಟಿದಾಗ ಮೂಗು ಹಿಡಿದು ಕುಡಿಸ್ತಿದ್ರಲ್ಲ, ಅದೇ ಎಣ್ಣೆ. ನೂರು ವರ್ಷದ ಹಿಂದೆ, ಮೊದಲ ಮಹಾಯುದ್ಧದಲ್ಲಿ, ಜಗತ್ತಿನ ಮೊದಲ ತಲೆಮಾರಿನ ಫೈಟರ್ ಪೈಲಟ್‌ಗಳ ಮುಖ, ಬಟ್ಟೆ, ಕನ್ನಡಕ ಎಲ್ಲದರ ಮೇಲೂ ಇದ್ದದ್ದು ಈ ಎಣ್ಣೆಯೇ. ಅವರಲ್ಲಿ ಒಬ್ಬರು ನಮ್ಮ ದೇಶದವರು. ಶತ್ರುವಿನ ಗುಂಡು ತಿಂದೂ ಬದುಕಿ ಬಂದವರು. ಅಂಥವರ ಆರೋಗ್ಯ ಕೊನೆಗೆ ಕೆಟ್ಟಿದ್ದು ಹರಳೆಣ್ಣೆಯಿಂದ. ಆ ಕಥೆ ಹೇಳೋ ಮೊದಲು, ಆಗಿನ ವಿಮಾನ ಹೇಗಿತ್ತು ಅಂತ ಸ್ವಲ್ಪ ನೋಡೋಣ.

ಯಲಹಂಕದ ಏರೋ ಶೋನಲ್ಲಿ ಫೈಟರ್ ಜೆಟ್ ನೋಡಿರ್ತೀರಿ. ಅದನ್ನ ಮರೆತುಬಿಡಿ. 1914ರ ವಿಮಾನ ಅಂದರೆ ಮರದ ಚೌಕಟ್ಟು, ಅದರ ಮೇಲೆ ಬಿಗಿದ ಬಟ್ಟೆ, ತಂತಿ, ಮುಂದೊಂದು ಎಂಜಿನ್. ಯುದ್ಧ ಶುರುವಾದಾಗ ವಿಮಾನದ ಕೆಲಸ ಹೊಡೆದಾಡೋದಲ್ಲ, ಮೇಲಿಂದ ಶತ್ರುವಿನ ಸೈನ್ಯ ಎಲ್ಲಿದೆ ಅಂತ ನೋಡಿಕೊಂಡು ಬರೋದು. ಆಕಾಶದಲ್ಲಿ ಎದುರಾದರೆ ಪಿಸ್ತೂಲು, ರೈಫಲ್ ಹಿಡಿದು ಒಬ್ಬರಿಗೊಬ್ಬರು ಗುಂಡು ಹಾರಿಸುತ್ತಿದ್ದರು. ಮೆಷಿನ್ ಗನ್ ಇಟ್ಟರೆ ಒಂದು ತಾಪತ್ರಯ. ನೇರ ಮುಂದಕ್ಕೆ ಹೊಡೆದರೆ ಗುಂಡು ತಮ್ಮದೇ ಪ್ರೊಪೆಲ್ಲರ್‌ಗೆ ಬೀಳುತ್ತೆ.

ಫ್ರಾನ್ಸಿನ ರೋಲಾಂ ಗರೋ ಎಂಬ ಪೈಲಟ್ ಪ್ರೊಪೆಲ್ಲರ್‌ಗೆ ಉಕ್ಕಿನ ತುಂಡು ಕಟ್ಟಿಸಿದರು. ಬಡಿದ ಗುಂಡು ಜಾರಿಕೊಂಡು ಹೋಗಲಿ ಅಂತ. ಟೆನಿಸ್ ನೋಡೋರಿಗೆ ಹೆಸರು ಗೊತ್ತಿರುತ್ತೆ, ಫ್ರೆಂಚ್ ಓಪನ್ ನಡೆಯೋ ಕ್ರೀಡಾಂಗಣಕ್ಕೆ ಇವರದೇ ಹೆಸರು. 1915ರ ಏಪ್ರಿಲ್‌ನಲ್ಲಿ ಅವರ ವಿಮಾನ ಜರ್ಮನರ ಕೈಗೆ ಸಿಕ್ಕಿತು. ಕೆಲವೇ ತಿಂಗಳಲ್ಲಿ ಫೋಕರ್ ಕಂಪನಿ, ಪ್ರೊಪೆಲ್ಲರ್ ಎಲೆ ಗನ್ನಿನ ಎದುರಿಗೆ ಬಂದಾಗ ಗುಂಡು ಹಾರದಂತೆ ತಡೆಯುವ ವ್ಯವಸ್ಥೆಯನ್ನ ಜರ್ಮನ್ ವಿಮಾನಗಳಿಗೆ ಅಳವಡಿಸಿತು. ಈಗ ಪೈಲಟ್ ತನ್ನ ಇಡೀ ವಿಮಾನವನ್ನೇ ಬಂದೂಕಿನ ಥರ ಗುರಿಯಿಟ್ಟು ಹೊಡೆಯಬಹುದಿತ್ತು. ಫೈಟರ್ ಪೈಲಟ್ ಅನ್ನೋ ವೃತ್ತಿ ಹುಟ್ಟಿದ್ದು ಹೀಗೆ.

ಇನ್ನು ಹರಳೆಣ್ಣೆ. ಆ ಕಾಲದ ಎಷ್ಟೋ ಫೈಟರ್‌ಗಳಲ್ಲಿ ರೋಟರಿ ಎಂಜಿನ್ ಇತ್ತು. ಪ್ರೊಪೆಲ್ಲರ್ ಜೊತೆ ಇಡೀ ಎಂಜಿನ್ನೇ ಗಿರಗಿರ ತಿರುಗುತ್ತಿತ್ತು. ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗದ ಎಣ್ಣೆ ಬೇಕಿತ್ತು, ಅದಕ್ಕೆ ಹರಳೆಣ್ಣೆ. ಒಮ್ಮೆ ಎಂಜಿನ್ ಒಳಗೆ ಹೋದ ಎಣ್ಣೆ ಮತ್ತೆ ಟ್ಯಾಂಕಿಗೆ ಬರ್ತಿರಲಿಲ್ಲ. ಹೊಗೆಯಾಗಿ, ಹನಿಯಾಗಿ ಹಿಂದೆ ಕೂತ ಪೈಲಟ್ ಮುಖಕ್ಕೆ ಎರಚುತ್ತಿತ್ತು. ಗಂಟೆಗಟ್ಟಲೆ ಅದನ್ನೇ ಉಸಿರಾಡಿ, ನುಂಗಿ ಕೆಳಗಿಳಿದ ಮೇಲೆ ಹೊಟ್ಟೆಯ ಪಾಡು ಏನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಇದು ಸಾಲದು ಅಂತ ತೆರೆದ ಕಾಕ್‌ಪಿಟ್, ಮೈ ಕೊರೆಯುವ ಚಳಿ. ಹದಿನೈದು ಸಾವಿರ ಅಡಿ ಎತ್ತರದಲ್ಲಿ ಆಕ್ಸಿಜನ್ ಕೂಡ ಇಲ್ಲ.

ಇಂಥ ವಿಮಾನ ಹತ್ತಲೇಬೇಕು ಅಂತ ಹಟ ಹಿಡಿದವರು ಹರದಿತ್ ಸಿಂಗ್ ಮಲಿಕ್. 1894ರಲ್ಲಿ ರಾವಲ್ಪಿಂಡಿಯಲ್ಲಿ ಹುಟ್ಟಿದವರು. ಹದಿನಾಲ್ಕನೇ ವಯಸ್ಸಿಗೇ ಓದಲು ಇಂಗ್ಲೆಂಡಿಗೆ ಹೋದರು. ಆಕ್ಸ್‌ಫರ್ಡ್‌ನ ಬೇಲಿಯಲ್ ಕಾಲೇಜಿನಲ್ಲಿ ಓದಿದರು, ಸಸೆಕ್ಸ್ ಕೌಂಟಿಗೆ ಕ್ರಿಕೆಟ್ ಆಡಿದರು. ಯುದ್ಧ ಬಂದಾಗ ಜೊತೆಗೆ ಓದಿದ ಇಂಗ್ಲಿಷ್ ಹುಡುಗರೆಲ್ಲ ಆಫೀಸರ್‌ಗಳಾಗಿ ಹೊರಟರು. ಮಲಿಕ್‌ಗೆ ಮಾತ್ರ ಬಾಗಿಲು ಮುಚ್ಚಿತ್ತು. ಆ ಯುದ್ಧಕ್ಕೆ ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿ ಹೋಗಿದ್ದಾರೆ. ಆದರೆ ಬ್ರಿಟಿಷ್ ಆಫೀಸರ್‌ಗೆ ಸರಿಸಮನಾದ ಹುದ್ದೆ ಭಾರತೀಯನಿಗೆ ಸಿಗೋದು ಹೆಚ್ಚುಕಡಿಮೆ ಅಸಾಧ್ಯವಾಗಿತ್ತು.

ಮಲಿಕ್ ಸುಮ್ಮನೆ ಕೂರಲಿಲ್ಲ. 1916ರಲ್ಲಿ ಫ್ರಾನ್ಸಿಗೆ ಹೋಗಿ ಫ್ರೆಂಚ್ ರೆಡ್ ಕ್ರಾಸ್‌ಗೆ ಆಂಬುಲೆನ್ಸ್ ಓಡಿಸಿದರು. ಅಲ್ಲಿಂದ ಫ್ರೆಂಚ್ ವಾಯುಪಡೆ ಸೇರಲು ಪ್ರಯತ್ನಿಸಿದರು. ಆಗ ಅವರ ಆಕ್ಸ್‌ಫರ್ಡ್ ಗುರು ಬ್ರಿಟಿಷ್ ವಾಯುದಳದ ಮುಖ್ಯಸ್ಥರಿಗೆ ಪತ್ರ ಬರೆದರು. ನಮ್ಮ ಸಾಮ್ರಾಜ್ಯದ ಹುಡುಗನನ್ನ ಫ್ರೆಂಚರು ಬಾ ಅಂತಿದ್ದಾರೆ, ನಾವು ಬೇಡ ಅಂತಿದ್ದೀವಿ, ಇದು ಸರಿಯಾ? ಪತ್ರದ ಸಾರಾಂಶ ಇಷ್ಟೇ. ಪತ್ರ ಕೆಲಸ ಮಾಡಿತು. 1917ರ ಏಪ್ರಿಲ್‌ನಲ್ಲಿ ಮಲಿಕ್ ರಾಯಲ್ ಫ್ಲೈಯಿಂಗ್ ಕೋರ್ ಸೇರಿದರು. ಪೇಟ ತೆಗೆಯೋದಿಲ್ಲ ಅಂತ ಅಲ್ಲೂ ಹಟ. ಕೊನೆಗೆ ಪೇಟದ ಮೇಲೆ ಕೂರುವಷ್ಟು ದೊಡ್ಡ ಹೆಲ್ಮೆಟ್ ಹೇಳಿ ಮಾಡಿಸಿಕೊಂಡರು.

ಅವರು ಸೇರಿದ ತಿಂಗಳು ಯಾವುದು ಗಮನಿಸಿ. 1917ರ ಏಪ್ರಿಲ್ ಅನ್ನು ಬ್ರಿಟಿಷ್ ಪೈಲಟ್‌ಗಳು ರಕ್ತಸಿಕ್ತ ಏಪ್ರಿಲ್ ಅಂತಲೇ ಕರೀತಿದ್ದರು. ಆ ಒಂದೇ ತಿಂಗಳಲ್ಲಿ ಸುಮಾರು 245 ಬ್ರಿಟಿಷ್ ವಿಮಾನ ನಾಶವಾದವು. ಹೊಸ ಹುಡುಗರು ಬಂದು, ಹಾಸಿಗೆ ಬಿಚ್ಚಿ, ಊಟದ ಮೇಜಿನಲ್ಲಿ ಪರಿಚಯ ಆಗೋಷ್ಟರಲ್ಲಿ ಇರುತ್ತಿರಲಿಲ್ಲ.

ಮಲಿಕ್‌ಗೆ ಸಿಕ್ಕಿದ್ದು 28ನೇ ಸ್ಕ್ವಾಡ್ರನ್, ಸೋಪ್‌ವಿತ್ ಕ್ಯಾಮೆಲ್ ಎಂಬ ವಿಮಾನ. ಮುಂದೆ ದೊಡ್ಡ ಹೆಸರು ಮಾಡಿದ ಕೆನಡಾದ ವಿಲಿಯಂ ಬಾರ್ಕರ್ ಅವರ ಕೈಕೆಳಗೆ ಕೆಲಸ. 1917ರ ಅಕ್ಟೋಬರ್ 26. ಕೆಳಗೆ ಬೆಲ್ಜಿಯಂನ ಪ್ಯಾಶೆಂಡೇಲ್‌ನ ಕೆಸರಿನಲ್ಲಿ ಯುದ್ಧ ನಡೀತಿದೆ, ಮೇಲೆ ದಟ್ಟ ಮೋಡ, ಮಳೆ. ಬಾರ್ಕರ್ ಜೊತೆ ಗಡಿ ದಾಟಿದ ಮಲಿಕ್ ಮೇಲೆ ಜರ್ಮನ್ ಫೈಟರ್‌ಗಳು ಮುಗಿಬಿದ್ದವು. ಪೆಟ್ರೋಲ್ ಟ್ಯಾಂಕ್ ತೂರಿ ಬಂದ ಗುಂಡು ಕಾಲಿಗೆ ಹೊಕ್ಕಿತು. ಟ್ಯಾಂಕಿಗೆ ಬೆಂಕಿ ಹತ್ತಲಿಲ್ಲ, ಅದೊಂದು ಅದೃಷ್ಟ. ಗಾಯವಾದ ಕಾಲಿನಲ್ಲಿ ತಿರುಗಿ ಹೊಡೆದಾಡೋಕೆ ಆಗ್ತಿಲ್ಲ. ನೆಲಕ್ಕೆ ಹತ್ತಿರವಾಗಿ ತಪ್ಪಿಸಿಕೊಂಡು ಹಾರ್ತಿದ್ದಾರೆ, ಹಿಂದಿನಿಂದ ಗುಂಡಿನ ಸುರಿಮಳೆ. ಹೇಗೋ ತಮ್ಮ ಕಡೆಯ ನೆಲಕ್ಕೆ ಬಂದು ಬಿದ್ದರು. ಆಮೇಲೆ ನೋಡಿದರೆ ವಿಮಾನಕ್ಕೆ 400ಕ್ಕೂ ಹೆಚ್ಚು ಗುಂಡು ಬಡಿದಿತ್ತು. ಮಲಿಕ್ ಬದುಕಿದ್ದರು. ಕಾಲಿಗೆ ಹೊಕ್ಕ ಎರಡು ಗುಂಡು ಸಾಯುವವರೆಗೂ ಅಲ್ಲೇ ಉಳಿದವು.

ಆಸ್ಪತ್ರೆಯಿಂದ ಎದ್ದು ಮತ್ತೆ ಸ್ಕ್ವಾಡ್ರನ್‌ಗೆ, ಇಟಲಿಗೆ ಹೋದರು. ಅಲ್ಲಿ ಅವರನ್ನ ಹಿಮ್ಮೆಟ್ಟಿಸಿದ್ದು ಜರ್ಮನರಲ್ಲ, ಹರಳೆಣ್ಣೆ. ಮೈಗೆ ಒಗ್ಗದೆ ಅಲರ್ಜಿ ಆಗಿ ವಾಪಸ್ ಬರಬೇಕಾಯಿತು. ಆಮೇಲೆ ಇಂಗ್ಲೆಂಡಿನ ರಕ್ಷಣೆಗಿದ್ದ ಸ್ಕ್ವಾಡ್ರನ್‌ನಲ್ಲಿ ಬೇರೆ ಎಂಜಿನ್ ಇರುವ ವಿಮಾನ ಹಾರಿಸಿದರು.

ಈಗ ಎರಡನೆಯವನ ಕಥೆ. ಇವನನ್ನ ಏಕವಚನದಲ್ಲೇ ಕರೀತೀನಿ, ತಪ್ಪು ತಿಳೀಬೇಡಿ. ನನ್ನ ತಮ್ಮನಿಗಿಂತ ಚಿಕ್ಕವನು. ಇಂದ್ರಲಾಲ್ ರಾಯ್, 1898ರಲ್ಲಿ ಕಲ್ಕತ್ತಾದಲ್ಲಿ ಹುಟ್ಟಿದವನು, ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದಿದವನು. ವಾಯುದಳಕ್ಕೆ ಅರ್ಜಿ ಹಾಕಿದರೆ ಕಣ್ಣಿನ ಪರೀಕ್ಷೆಯಲ್ಲಿ ಫೇಲ್. ತನ್ನ ಮೋಟರ್‌ಬೈಕ್ ಮಾರಿ, ಆ ದುಡ್ಡಲ್ಲಿ ದೊಡ್ಡ ಕಣ್ಣಿನ ಡಾಕ್ಟರ್ ಹತ್ರ ಹೋಗಿ, ಕಣ್ಣು ಸರಿ ಇದೆ ಅಂತ ಬರೆಸಿಕೊಂಡು ಬಂದ! 1917ರ ಜುಲೈನಲ್ಲಿ ಆಫೀಸರ್ ಆದ.

ಅದೇ ಡಿಸೆಂಬರ್‌ನಲ್ಲಿ ವಿಮಾನ ಅಪಘಾತ. ಸತ್ತಿದ್ದಾನೆ ಅಂತ ಶವಾಗಾರದಲ್ಲಿ ಇಟ್ಟಿದ್ದರು, ಒಳಗಿನಿಂದ ಬಾಗಿಲು ಬಡಿದ ಅನ್ನೋ ಕಥೆ ಇದೆ. ಕಥೆ ಎಷ್ಟು ನಿಜವೋ, ಪೆಟ್ಟು ಬಿದ್ದಿದ್ದು ನಿಜ. ಸುಧಾರಿಸಿಕೊಳ್ಳುವಾಗ ವಿಮಾನಗಳ ಚಿತ್ರ ಬಿಡಿಸುತ್ತಿದ್ದ. ಹಾರಲು ಯೋಗ್ಯನಲ್ಲ ಅಂದರೂ ಕಾಡಿ ಬೇಡಿ 1918ರ ಜೂನ್‌ನಲ್ಲಿ 40ನೇ ಸ್ಕ್ವಾಡ್ರನ್‌ಗೆ ಬಂದ. ಜುಲೈ 6ರಿಂದ 19ರವರೆಗೆ, ಎರಡೇ ವಾರದಲ್ಲಿ, ಅವನ ಖಾತೆಗೆ 10 ಗೆಲುವು. ಜುಲೈ 22ರಂದು ಫ್ರಾನ್ಸಿನ ಕಾರ್ವಾಂ ಬಳಿ ಹೊಡೆದಾಟದಲ್ಲಿ ವಿಮಾನ ಉರಿದು ಬಿತ್ತು. ಅವನಿಗೆ 19 ವರ್ಷ. ಸಾವಿನ ನಂತರ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಕೊಟ್ಟರು.

ಪ್ಯಾರಾಶೂಟ್ ಇರಲಿಲ್ವಾ ಅಂತ ಕೇಳ್ತೀರಿ. ಪ್ಯಾರಾಶೂಟ್ ಅನ್ನೋ ವಸ್ತು ಆಗ ಇತ್ತು. ಬಲೂನ್‌ನಲ್ಲಿ ಕೂತು ಶತ್ರುವನ್ನ ನೋಡೋರಿಗೆ ಕೊಡ್ತಿದ್ದರು. 1918ರಲ್ಲಿ ಜರ್ಮನ್ ಫೈಟರ್ ಪೈಲಟ್‌ಗಳಿಗೂ ಸಿಗತೊಡಗಿತು. ಬ್ರಿಟಿಷ್ ಪೈಲಟ್‌ಗಳಿಗೆ ಯುದ್ಧ ಮುಗಿಯುವವರೆಗೂ ಕೊಡಲಿಲ್ಲ. ಭಾರ ಜಾಸ್ತಿ, ಜಾಗ ಇಲ್ಲ ಅನ್ನೋದು ಒಂದು ಕಾರಣ. ಕೊಟ್ಟರೆ ಬೇಗ ಹಾರಿಬಿಡ್ತಾರೆ ಅನ್ನೋ ಅನುಮಾನ ಇನ್ನೊಂದು. ಹಾಗಾಗಿ ಪೈಲಟ್‌ಗಳ ದೊಡ್ಡ ಭಯ ಗುಂಡಲ್ಲ, ಬೆಂಕಿ. ಮಿಕ್ ಮ್ಯಾನಕ್ ಅನ್ನೋ ಹೆಸರಾಂತ ಬ್ರಿಟಿಷ್ ಪೈಲಟ್ ಸದಾ ರಿವಾಲ್ವರ್ ಇಟ್ಟುಕೊಂಡಿರುತ್ತಿದ್ದರು. ಬೆಂಕಿ ಹತ್ತಿದರೆ ತನಗೇ ಹೊಡೆದುಕೊಳ್ಳಲು. ರಾಯ್ ಸತ್ತ ನಾಲ್ಕೇ ದಿನಕ್ಕೆ ಮ್ಯಾನಕ್ ವಿಮಾನವೂ ಉರಿದು ಬಿತ್ತು. ಜುಲೈ 31ರಂದು ರಾಯ್‌ನ ಫ್ಲೈಟ್ ಕಮಾಂಡರ್, ಮ್ಯಾನಕ್ ಗರಡಿಯಲ್ಲಿ ಪಳಗಿದ ಜಾರ್ಜ್ ಮೆಕೆಲ್ರಾಯ್ ಕೂಡ ಹೋದರು. ಹತ್ತು ದಿನದಲ್ಲಿ ಮೂರು ಜನ.

ನಾನು ಬಿ.ಕಾಂ ಓದಿದವನು, ಕಣ್ಣು ಮೊದಲು ಟೋಟಲ್‌ಗೇ ಹೋಗುತ್ತೆ. ಈ ಪೈಲಟ್‌ಗಳ ಬಗ್ಗೆ ಸರ್ಚ್ ಮಾಡಿದರೂ ಮೊದಲು ಸಿಗೋದು ಟೋಟಲ್ಲೇ. ರಾಯ್ 10, ಮಲಿಕ್ 2. ಕ್ರಿಕೆಟ್ ಸ್ಕೋರ್ ಥರ. ಆ ಲೆಕ್ಕದಲ್ಲಿ ರಾಯ್ ದೊಡ್ಡ ಹೀರೋ, ಮಲಿಕ್ ಅಡಿಟಿಪ್ಪಣಿ. ಆದರೆ ಆ ಆಕಾಶದಲ್ಲಿ ಇರೋದು ಹೇಗಿತ್ತು ಅಂತ ಸ್ವಂತ ಮಾತಲ್ಲಿ ಹೇಳೋಕೆ ಉಳಿದಿದ್ದು ಮಲಿಕ್ ಮಾತ್ರ. ಅವರ ಆತ್ಮಕಥೆ ‘ಎ ಲಿಟಲ್ ವರ್ಕ್, ಎ ಲಿಟಲ್ ಪ್ಲೇ’ ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ, 2010ರಲ್ಲಿ ಪುಸ್ತಕವಾಗಿ ಬಂತು. ರಾಯ್‌ನಿಂದ ನಮಗೆ ಉಳಿದಿರೋದು ಕೆಲವು ಚಿತ್ರ, ಫ್ರಾನ್ಸಿನ ಎಸ್ತವೆಲ್ ಊರಿನಲ್ಲಿ ಒಂದು ಸಮಾಧಿ. ಅದರ ಮೇಲೆ ಬಂಗಾಳಿ ಅಕ್ಷರ ಇದೆ. ಅವನ ಕಥೆ ಬೇರೆಯವರು ಬರೆದಿದ್ದು. ಅದಕ್ಕೇ ಅದರಲ್ಲಿ ಪದಕ ಇದೆ, ಶವಾಗಾರದ ಬಾಗಿಲೂ ಇದೆ. ಅವನ ಭಯ ಇಲ್ಲ.

ಯುದ್ಧ ಮುಗೀತು. ಮಲಿಕ್ ಐಸಿಎಸ್ ಸೇರಿದರು, ಪಟಿಯಾಲ ಸಂಸ್ಥಾನದ ಪ್ರಧಾನಿ ಆದರು, ಸ್ವತಂತ್ರ ಭಾರತದ ರಾಯಭಾರಿಯಾಗಿ ಫ್ರಾನ್ಸಿಗೇ ಹೋದರು. ಒಂದು ಕಾಲದಲ್ಲಿ ಆಂಬುಲೆನ್ಸ್ ಓಡಿಸಿದ ದೇಶಕ್ಕೆ! 1985ರಲ್ಲಿ ತೀರಿಕೊಂಡರು. ಆದರೆ ಭಾರತೀಯರು ಹಾರಬಲ್ಲರು ಅಂತ ಇವರೆಲ್ಲ ಜೀವ ಒತ್ತೆ ಇಟ್ಟು ತೋರಿಸಿದ ಮೇಲೂ ನಮ್ಮದೇ ವಾಯುಪಡೆ ಅಂತ ಆಗಿದ್ದು 1932ರ ಅಕ್ಟೋಬರ್ 8ರಂದು. ರಾಯ್ ಸತ್ತು 14 ವರ್ಷ ಕಳೆದಿತ್ತು.

ಪ್ರತಿ ವರ್ಷ ಅಕ್ಟೋಬರ್ 8ಕ್ಕೆ ವಾಯುಪಡೆ ದಿನದ ಸ್ಟೇಟಸ್ ಹಾಕ್ತೀವಲ್ಲ, ಈ ಸಲ ಹಾಕುವಾಗ ಇಬ್ಬರನ್ನೂ ನೆನಪಿಸಿಕೊಳ್ಳಿ. ಮನೆಯಲ್ಲಿ ಹರಳೆಣ್ಣೆ ಬಾಟಲಿ ಇದ್ದರೆ ಒಮ್ಮೆ ಮುಚ್ಚಳ ತೆಗೆದು ಮೂಸಿ ನೋಡಿ. ಎದುರುಗಾಳಿಯಲ್ಲಿ ಗಂಟೆಗಟ್ಟಲೆ ಅದೇ ವಾಸನೆ, ಹಿಂದೆ ಯಾರಿದ್ದಾರೋ ಗೊತ್ತಿಲ್ಲ, ಬೆನ್ನಿಗೆ ಪ್ಯಾರಾಶೂಟ್ ಇಲ್ಲ. ಅಂಥ ಜಾಗಕ್ಕೆ ಹೋಗೋಕೆ ಒಬ್ಬರು ಪೇಟಕ್ಕೆ ತಕ್ಕ ಹೆಲ್ಮೆಟ್ ಹೊಲಿಸಿಕೊಂಡರು, ಇನ್ನೊಬ್ಬ ಬೈಕ್ ಮಾರಿದ.